ಭರಣಿಯೊಳಗಿನ ಕೆಂಪು ಚೇಳು

ನನ್ನ ಗಂಡನಿಗೆ ಚೇಳು ಸಾಕುವ ಚಾಳಿ ಇತ್ತು. ಕೆಲವರು ಗಿಳಿ ಸಾಕುತ್ತಾರೆ, ಕೆಲವರು ಟಗರು ಸಾಕುತ್ತಾರೆ, ನನ್ನ ಹಣೆಯಲ್ಲಿ ಬರೆದದ್ದು ಇದು. ಅವರು ಗೌಂಡಿ. ಅಫಜಲಪುರದ ಸುತ್ತಿನ ಹಳ್ಳಿಗಳಲ್ಲಿ ಹಳೆಯ ಗೋಡೆ ಕೆಡವಿ ಹೊಸದು ಕಟ್ಟುತ್ತಿದ್ದರು. ದಿನವೂ ಕಲ್ಲು ಎತ್ತಬೇಕು, ಕಲ್ಲಿನ ಕೆಳಗೆ ಚೇಳು ಇದ್ದೇ ಇರುತ್ತದೆ. ಉಳಿದ ಗೌಂಡಿಗಳು ಚಪ್ಪಲಿಯಿಂದ ಜಜ್ಜಿ ಮುಂದಿನ ಕಲ್ಲಿಗೆ ಹೋಗುತ್ತಿದ್ದರು. ಇವರು ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತರುತ್ತಿದ್ದರು.

ತವರಿನವರು ಉಪ್ಪಿನಕಾಯಿಗೆಂದು ಕೊಟ್ಟ ಚೀನಿ ಭರಣಿಗಳೆಲ್ಲ ಹೋದದ್ದು ಆ ಚೇಳುಗಳಿಗೆ. ಮಣ್ಣಿನ ಗಡಿಗೆಯಾದರೆ ಚೇಳು ಗೋಡೆ ಹಿಡಿದು ಮೇಲೆ ಬರುತ್ತದೆ, ಚೀನಿ ಭರಣಿಯ ನುಣುಪಿನ ಮೇಲೆ ಕಾಲು ನಿಲ್ಲುವುದಿಲ್ಲ ಎಂದು ನನಗೆ ಪಾಠ ಹೇಳಿದರು. ಹಾಗಾದರೆ ನನ್ನ ಉಪ್ಪಿನಕಾಯಿ ಎಲ್ಲಿ ಹಾಕಲಿ ಎಂದು ಕೇಳಿದೆ. ಆ ಗಡಿಗೆಯನ್ನೇ ತೋರಿಸಿದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಹಲ್ಲು ಕಚ್ಚಿಕೊಂಡು ಉಪ್ಪಿನಕಾಯಿಯನ್ನು ಗಡಿಗೆಗೇ ಹಾಕಿದೆ.

ಸಾಕುವುದಕ್ಕೆ ಕಟ್ಟುನಿಟ್ಟು ಬಹಳ ಇತ್ತು, ಅದನ್ನು ಒಪ್ಪಬೇಕು. ಒಂದು ಭರಣಿಗೆ ಒಂದೇ ಚೇಳು, ಎರಡಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಕೆಳಗೆ ಹೊಳೆಯ ಮರಳು, ಮರಳಿನ ಮೇಲೆ ಅಡಗಿಕೊಳ್ಳಲು ಒಡೆದ ಹಂಚಿನ ತುಂಡು, ಮೂಲೆಯಲ್ಲಿ ನೀರಲ್ಲಿ ಅದ್ದಿದ ಅರಳೆ. ಬಾಯಿಗೆ ತೆಳ್ಳನೆಯ ಅರಿವೆ, ಅದರ ಮೇಲೆ ಬಿಗಿಯಾಗಿ ದಾರ. ಕೈ ಒಳಗೆ ಹೋಗಲೇಬಾರದು, ಏನಿದ್ದರೂ ಉದ್ದನೆಯ ಚಿಮಟಾ. ಗೋಡೆಯಲ್ಲಿ ಎತ್ತರಕ್ಕೆ ಕೊರೆದ ಮಾಡದಲ್ಲಿ ಭರಣಿ. ಮನೆಯಲ್ಲಿ ತೆವಳುವ ಕೂಸು ಇರಲಿಲ್ಲ, ಅದೊಂದು ಪುಣ್ಯ. ಕರಿ ಚೇಳು ನೋಡುವುದಕ್ಕಷ್ಟೇ ಭಯಂಕರ, ಅವನ್ನು ಸ್ವಲ್ಪ ದಿನ ಇಟ್ಟುಕೊಂಡು ಗುಡ್ಡಕ್ಕೆ ಬಿಟ್ಟು ಬರುತ್ತಿದ್ದರು. ಕೊನೆಗೆ ಉಳಿದದ್ದು ಒಂದು ಕೆಂಪು ಚೇಳು. ಬೆರಳಿನಷ್ಟೂ ಇಲ್ಲದ ಮರಿ. ಆದರೆ ಕೆಂಪು ಚೇಳು ಕಡಿದು ಮಣ್ಣಾದ ಮಕ್ಕಳನ್ನು ನಮ್ಮ ಕಡೆ ಎಲ್ಲರೂ ನೋಡಿದವರೇ.

ಸ್ವಾತಂತ್ರ್ಯ ಬಂತು ಎಂದು ಹೊಳೆಯ ಆಚೆ ಸಂಭ್ರಮ ಮಾಡಿದರು. ನಾವು ಈಚೆ ದಂಡೆಯವರು, ನಿಜಾಮರ ರಾಜ್ಯದವರು. ನಮಗೆ ಬಂದದ್ದು ರಜಾಕಾರರ ಹೆದರಿಕೆ. ವಯಸ್ಸಿನ ಗಂಡಸರು ಒಬ್ಬೊಬ್ಬರಾಗಿ ಭೀಮೆಯನ್ನು ದಾಟಿ ಆಚೆಗೆ ಹೋಗತೊಡಗಿದರು. ಸುಗ್ಗಿಯ ಹೊತ್ತಿಗೆ ನನ್ನ ಗಂಡನೂ ಬುತ್ತಿ ಕಟ್ಟಿಸಿಕೊಂಡರು.

ಅತ್ತೆ ಮಗನ ತೋಳು ಬಿಡಲಿಲ್ಲ. "ನೀ ಇದ್ದೀಯೋ ಇಲ್ಲೋ ನನಗ ಹ್ಯಾಂಗ ತಿಳೀಬೇಕೋ, ನನ್ನಪ್ಪಾ?" ಎಂದು ಅಳತೊಡಗಿದರು.

ಅವರಿಗೆ ಹೊರಡುವ ಅವಸರ. ಮಾಡದ ಕಡೆ ಕೈ ತೋರಿಸಿ ನಕ್ಕರು. "ಅಳಬ್ಯಾಡಬೇ ಅವ್ವಾ. ಆ ಚೇಳು ಇರೋತನಕ ನಾನೂ ಇರ್ತೇನಿ, ತಿಳ್ಕೋ."

ತಮಾಷೆಗೆ ಆಡಿದ ಮಾತು. ಅತ್ತೆ ಅದನ್ನು ದೇವರ ಮಾತೆಂದು ಹಿಡಿದುಕೊಂಡರು.

ಅಂದಿನಿಂದ ಆ ಚೇಳಿನ ಚಾಕರಿ ನನ್ನ ತಲೆಗೆ ಬಿತ್ತು. ಬೆಳಗಾದರೆ ಅತ್ತೆ ಹಾಸಿಗೆಯಿಂದಲೇ ಕೂಗುತ್ತಿದ್ದರು: "ನೋಡಬೇ, ಅದಾನೇನು?" ಅದೆಯೇನು ಅನ್ನುತ್ತಿರಲಿಲ್ಲ, ಅದಾನೇನು! ನಾನು ಭರಣಿ ಇಳಿಸಿ, ದಾರ ಬಿಚ್ಚಿ, ಚಿಮಟಾದಿಂದ ಹಂಚು ಎತ್ತಿ ನೋಡಿ, "ಅದಾರ್ರಿ ಅತ್ತಿ" ಅನ್ನಬೇಕು. ಆಮೇಲೆ ಅವರು ಮುಖ ತೊಳೆಯುತ್ತಿದ್ದರು. ಕಂಡವರ ಹೊಲದಲ್ಲಿ ಕೂಲಿ ಮಾಡಿ ಬಂದು, ನೀರು ತಂದು, ರೊಟ್ಟಿ ಬಡಿದು, ಅದಾದ ಮೇಲೆ ಒಲೆಯ ಹಿಂದೆ ಜಿರಲೆ ಹುಡುಕಬೇಕು. ಜಿರಲೆ ಸಿಗದಿದ್ದರೆ ಮಿಡತೆ. ನಮ್ಮ ತಾಟಿನಲ್ಲಿ ಬರೀ ಖಾರ-ರೊಟ್ಟಿ, ಅದಕ್ಕೆ ಮಾತ್ರ ಮಾಂಸದೂಟ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಗಿತ್ತು ನನ್ನ ಬಾಳು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅದು ಸತ್ತರೆ ಪೀಡೆ ಹೋಯಿತು ಅನ್ನಿಸುತ್ತಿತ್ತು. ಸತ್ತರೆ ಅತ್ತೆ ಉಳಿಯುವುದಿಲ್ಲ ಎಂದೂ ಗೊತ್ತಿತ್ತು.

ಗಂಡನಿಂದ ಒಂದು ಸುದ್ದಿ ಇಲ್ಲ. ಬೇರೆ ಮನೆಯವರಿಗೆ ಹೇಗೋ ಹೊಳೆ ದಾಟಿ ಮಾತು ಬರುತ್ತಿತ್ತು. ನಮಗೆ ಬರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಚವಡಾಪುರದ ಕಡೆಯಿಂದ ಬಂದವರೊಬ್ಬರು ಹೊಳೆಯ ದಂಡೆಯಲ್ಲಿ ಗುಂಡು ಹಾರಿದವಂತೆ, ನಮ್ಮ ಕಡೆಯ ಗಂಡಸರು ಬಿದ್ದರಂತೆ ಎಂದರು. ಯಾರು ಬಿದ್ದರೆಂದು ಅವರಿಗೂ ಗೊತ್ತಿರಲಿಲ್ಲ. ಓಣಿಯ ಹೆಂಗಸರೆಲ್ಲ ಎದೆ ಹಿಡಿದುಕೊಂಡು ಕೂತರು. ಮರುದಿನ ನಾನು ನೀರಿಗೆ ಹೋದಾಗ ಅತ್ತೆ ತಡೆಯಲಾರದೆ ತಾವೇ ಭರಣಿ ಇಳಿಸಿ ನೋಡಿದ್ದಾರೆ. ಮರಳಿನ ಮೇಲೆ ಚೇಳು ಸೆಟೆದು ಬಿದ್ದಿತ್ತು.

ಅವರ ಕಿರುಚಾಟ ನನಗೆ ಬಾವಿಯ ಹತ್ತಿರವೇ ಕೇಳಿಸಿತು. ಓಡಿಬಂದೆ. ಅಂಗಳದಲ್ಲಿ ಹೆಂಗಸರು ತುಂಬಿದ್ದರು. ಅತ್ತೆ ನೆಲಕ್ಕೆ ಹಣೆ ಬಡಿದುಕೊಳ್ಳುತ್ತಿದ್ದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನಿನ್ನೆಯ ಸುದ್ದಿಗೆ ಇಂದಿನ ಚೇಳು ಸಾಕ್ಷಿಯಾಗಿತ್ತು. ಓಣಿಯಲ್ಲಿ ಇಂಥ ಕೆಲಸಕ್ಕೆ ಯಾವಾಗಲೂ ಮುಂದೆ ನಿಲ್ಲುವ ಒಬ್ಬ ವಿಧವೆ ಅಜ್ಜಿ ನನ್ನ ಎಡಗೈ ಹಿಡಿದು ಕೂರಿಸಿದಳು. "ಆಗೋದು ಆತು, ನಮ್ಮವ್ವಾ. ತಡ ಮಾಡಬಾರದು" ಎಂದು ಗುಂಡುಕಲ್ಲು ಎತ್ತಿದಳು. ಎರಡು ಬಳೆ ಒಡೆದೇ ಹೋದವು. ಮುಂಗೈಯಲ್ಲಿ ರಕ್ತ ಬಂತು.

ಆಗ ನನಗೆ ಎಲ್ಲಿಂದ ಸಿಟ್ಟು ಬಂತೋ. ಒಂದು ಹುಳ ಸತ್ತಿತೆಂದು ನನ್ನನ್ನು ರಂಡೆ ಮಾಡುತ್ತೀರಾ? ದಿನಾ ಜಿರಲೆ ಹಿಡಿದವಳು ನಾನು, ನನಗೆ ತೋರಿಸದೆ? ಕೈ ಕಿತ್ತುಕೊಂಡು ಎದ್ದೆ. "ಮೊದಲ ನಾ ನೋಡ್ತೇನಿ. ಆಮ್ಯಾಲ ಏನ್ ಒಡೀತೀರಿ ಒಡೀರಿ."

ಹೆಂಗಸರು ಅಡ್ಡ ಬಂದರು. ಪಕ್ಕದ ಮನೆಯ ಮುಸಲ್ಮಾನರ ಹಿರಿಯ ಹೆಂಗಸು, ನನ್ನನ್ನು ಬೇಟಿ ಎಂದೇ ಕರೆಯುವವರು, ಬಾಗಿಲಲ್ಲಿ ನಿಂತು ಗದರಿಸಿದರು. "ಅರೆ, ನೋಡಾಕ ಬಿಡ್ರಿ ಅಕೀಗಿ! ಗಂಡ ಅಕೀದು, ನಿಮ್ದೇನು?"

ಚಿಮಟಾದಿಂದ ಆ ಹೆಣವನ್ನು ಎತ್ತಿದೆ. ತೂಕವೇ ಇರಲಿಲ್ಲ. ಉಳ್ಳಾಗಡ್ಡಿ ಸಿಪ್ಪೆ ಎತ್ತಿದ ಹಾಗಾಯಿತು. ಬಿಸಿಲಿಗೆ ಹಿಡಿದರೆ ಬೆಳಕು ಆರಪಾರ ಕಾಣಿಸಿತು. ಬಾಯಿಯ ಹತ್ತಿರ ಸೀಳು, ಒಳಗೆ ಬರೀ ಟೊಳ್ಳು. ಹಾವು ಪೊರೆ ಬಿಡುವುದನ್ನು ಎಲ್ಲರೂ ಬಲ್ಲರು. ಚೇಳಿಗೂ ಹಾಗಿದೆಯೆಂದು ನನಗೆ ಯಾರು ಹೇಳಿದ್ದರು? ಚೇಳನ್ನು ನನ್ನ ತಲೆಗೆ ಕಟ್ಟಿ ಹೋದವರೂ ಹೇಳಿರಲಿಲ್ಲ. ಹಂಚಿನ ತುಂಡು ಎತ್ತಿದೆ. ಅದರ ಅಡಿಯಲ್ಲಿ, ಕೆನೆಯ ಬಣ್ಣದ, ಮೊದಲಿಗಿಂತ ದೊಡ್ಡದಾದ ಚೇಳು ಮುದುಡಿಕೊಂಡಿತ್ತು. ಬೆಳಕು ಬಿದ್ದದ್ದೇ ಕೊಂಡಿ ಎತ್ತಿತು.

"ಅದಾರ್ರಿ ಅತ್ತಿ" ಎಂದೆ. ಬಾಯಿಗೆ ಅರಿವೆ ಬಿಗಿದು ಭರಣಿಯನ್ನು ಅವರ ಮುಂದೆ ಇಟ್ಟೆ.

ಅತ್ತೆ ಭರಣಿಗೆ ಕುಂಕುಮ ಹಚ್ಚಿ, ಅದನ್ನು ತಬ್ಬಿಕೊಂಡು ಅತ್ತರು. ಹೆಂಗಸರು ಒಬ್ಬೊಬ್ಬರಾಗಿ ಜಾರಿದರು. ಗುಂಡುಕಲ್ಲಿನ ಅಜ್ಜಿ ಮಾತ್ರ ಹೋಗುವಾಗ, "ಶಕುನ ಛಲೋ ಇಲ್ಲವ್ವಾ" ಅಂದು ಹೋದಳು. ಅಂಥವರ ಬಾಯಿಗೆ ಬೀಗ ಹಾಕಿದವರಾರು? ಒಡೆದ ಬಳೆಯ ಚೂರುಗಳನ್ನು ನಾನೇ ಗುಡಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಚೇಳು ಬದುಕಿದ್ದರೆ ಗಂಡ ಬದುಕಿದ್ದಾರೆ ಎಂದು ನನಗೇನೂ ನಂಬಿಕೆ ಇರಲಿಲ್ಲ. ಆದರೆ ಮರುದಿನ ಬೆಳಗ್ಗೆ ಅತ್ತೆ ಕೂಗುವ ಮೊದಲೇ ಎದ್ದು ಹಂಚು ಎತ್ತಿ ನೋಡಿದೆ.

ಮಳೆಗಾಲದ ಕೊನೆಗೆ ಹಿಂದುಸ್ತಾನದ ಫೌಜು ಬಂತು. ನಮ್ಮ ಹೆದರಿಕೆ ಮುಗಿಯಿತು, ಪಕ್ಕದ ಮನೆಯವರದು ಸುರುವಾಯಿತು. ನನ್ನ ಪರವಾಗಿ ಗದರಿಸಿದ ಆ ತಾಯಿ ಒಂದು ಗಂಟು ಹೊತ್ತು ಜೇವರ್ಗಿ ಕಡೆಯ ನೆಂಟರಲ್ಲಿಗೆ ಹೋದರು, ತಿರುಗಿ ಬರಲಿಲ್ಲ. ಅವರಿಗಾಗಿ ಭರಣಿಯಲ್ಲಿ ನೋಡಿ ಹೇಳುವವರು ಯಾರೂ ಇರಲಿಲ್ಲ.

ಆ ಮೇಲೆ ಸ್ವಲ್ಪ ದಿನಕ್ಕೆ ನನ್ನ ಗಂಡ ಬಂದರು. ಗಡ್ಡ ಬಿಟ್ಟಿದ್ದರು, ಆದರೆ ಮೈ ತುಂಬಿಕೊಂಡಿದ್ದರು. ಆಚೆ ದಂಡೆಯಲ್ಲಿ ಒಂದು ಗೋಡೌನು ಕಟ್ಟುವ ಕೆಲಸ ಸಿಕ್ಕಿತ್ತಂತೆ. ಅತ್ತೆ ಮಗನ ಮುಖ ಸವರಿ ಸವರಿ ದಣಿದರು. ಗಂಡ ಉಂಡು, ಕೈ ತೊಳೆದು, ಮಾಡದ ಕಡೆ ನೋಡಿ ನಕ್ಕು ನನ್ನ ಕಡೆ ತಿರುಗಿದರು.

"ಅಯ್ಯ, ಇನ್ನೂ ಅದನ್ನ ಇಟ್ಕೊಂಡು ಕುಂತೀಯೇನು? ಗುಡ್ಡಕ ಒಗದು ಬರಬೇಕಿಲ್ಲೇನು, ಹುಚ್ಚಿ!"

ಅತ್ತೆ ನನ್ನ ಮುಖ ನೋಡಿದರು. ನನಗೆ ಅಳು ಬರಲಿಲ್ಲ. ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ.

"ನೀವು ಜೀವಂತ ಅದೀರಿ ಅಂತ ದಿನಾ ನಿಮ್ಮವ್ವಗ ಹೇಳಿದ್ದು ಅದು" ಎಂದೆ. "ನೀವಂತೂ ಹೇಳಿ ಕಳಿಸಲಿಲ್ಲ."