ಹಿಲ್ಡಾ ತನ್ನ ಗಂಡನಿಗೆ ಹೊಲಿದ ಕಿಲ್ಟ್

ಡೊಳ್ಳು ಹೊಟ್ಟೆಯ ಗಂಡಸರಿಗೆ ಕಿಲ್ಟ್ ಹೊಲಿಯಬೇಕೆಂದರೆ ಅಮೆರಿಕದ ಈ ಎವರೆಟ್ ಊರಿನಲ್ಲಿ ಎಲ್ಲರೂ ಹಿಲ್ಡಾಳ ಹೆಸರನ್ನೇ ಹೇಳುತ್ತಿದ್ದರು. ಕಿಲ್ಟ್ ಅಂದರೆ ಸ್ಕಾಟ್ಲೆಂಡ್ ಮೂಲದವರು ಮದುವೆ ಮುಂಜಿಗೆ ಉಡುವ, ಮಂಡಿಯವರೆಗಿನ ಚೌಕುಳಿ ಉಣ್ಣೆಯ ಉಡುಪು. ಮುಂದೆ ಸಪಾಟು, ಹಿಂದೆ ಪೂರಾ ನೆರಿಗೆ. ಹೊಟ್ಟೆ ಇದ್ದವರು ಉಟ್ಟರೆ ಮುಂದಿನ ಅಂಚು ಮೇಲೆದ್ದು ನಗೆಪಾಟಲಾಗುತ್ತದೆ. ಹಿಲ್ಡಾ ಮುಂಭಾಗವನ್ನು ಮೇಲ್ಗಡೆ ಹೆಚ್ಚು ಬಟ್ಟೆ ಬಿಟ್ಟು ಕತ್ತರಿಸಿ ಅದನ್ನು ಸರಿಮಾಡುತ್ತಿದ್ದಳು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು, ಇಲ್ಲಿನ ಹೊಲಿಗೆ ಅಂಗಡಿಯೊಂದರಲ್ಲಿ ದುಡಿಯುತ್ತಾ ಈ ವಿದ್ಯೆ ಕಲಿತಳು. ನಾನು ಪಕ್ಕದ ಮನೆಯ ಮೈಸೂರಿನವಳು, ಒಂದು ಗುಂಡಿ ಹಾಕಲೂ ಬಾರದವಳು. ಆದರೂ ಟೇಪಿನ ಇನ್ನೊಂದು ತುದಿ ಹಿಡಿಯಲು ಅವಳಿಗೆ ನಾನೇ ಆಗಬೇಕು.

ಹಿಲ್ಡಾಳ ಮಗಳು ಜಾಸ್ಮಿನ್‌ಗೆ ಮದುವೆ ಗೊತ್ತಾಯಿತು. ಹುಡುಗನ ಕಡೆಯ ಗಂಡಸರೆಲ್ಲ ಕಿಲ್ಟ್ ಉಡುವವರು. ಅಪ್ಪನೂ ಕಿಲ್ಟ್ ಉಟ್ಟು ನನ್ನ ಕೈ ಹಿಡಿದು ಚರ್ಚಿನೊಳಗೆ ನಡೆಸಬೇಕು ಎಂದು ಜಾಸ್ಮಿನ್ ಕೇಳಿದಳು. ವಿಮಾನದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವಳ ಅಪ್ಪ ನೆಲ್ಸನ್‌ಗೆ ಮಗಳು ಏನು ಕೇಳಿದರೂ ಸರಿಯೇ. ಹೂಂ ಅಂದುಬಿಟ್ಟ.

ಮೊದಲ ಸಲ ಅಳತೆ ನೋಡುವಾಗಲೇ ಜಗಳ. ಕಿಲ್ಟನ್ನು ಹೊಕ್ಕುಳದ ಮೇಲೆ ಕಟ್ಟಬೇಕು. ಈ ಮನುಷ್ಯನಿಗೋ ಮನೆಗೆ ಬಂದೊಡನೆ ಲುಂಗಿ ಸುತ್ತಿ ಹೊಟ್ಟೆಯ ಕೆಳಗೆ ಸಿಕ್ಕಿಸುವ ಅಭ್ಯಾಸ. ಹಿಲ್ಡಾ ಮೇಲೆ ಕಟ್ಟುತ್ತಾಳೆ, ಇವನು ಕೆಳಗೆ ಜಾರಿಸುತ್ತಾನೆ. ಅಂಚು ಮಂಡಿ ಮುಚ್ಚುತ್ತದೆ, ಅವಳು ಕೈಯ ಮೇಲೆ ಒಂದು ಕೊಡುತ್ತಾಳೆ. ಹೊಟ್ಟೆಗೆ ಗಾಳಿ ಬೇಡವೇನೇ ಎಂದು ಅವನ ತಕರಾರು. ಇಬ್ಬರ ಕೊಂಕಣಿ ಬೈಗುಳ ಅರ್ಥವಾಗದಿದ್ದರೂ ನನಗೆ ನಕ್ಕು ನಕ್ಕು ಸಾಕಾಗಿತ್ತು.

ಮುಂದಿನ ಸಲ ನಗು ಬರಲಿಲ್ಲ. ಮುಂದೆ ಬೆಲ್ಟಿನ ಪಟ್ಟಿ ಕೊಕ್ಕೆಗೆ ಎಟುಕಲೊಲ್ಲದು, ಹಿಂದೆ ನೋಡಿದರೆ ನೆರಿಗೆ ಜೋತುಬಿದ್ದಿದೆ. ನೆಲ್ಸನ್ ಬಿಯರ್ ಮೇಲೆ ತಪ್ಪು ಹೊರಿಸಿದ. ಹಿಲ್ಡಾ ಟೇಪ್ ಸುತ್ತಿಟ್ಟು ನನ್ನನ್ನು ಅಡುಗೆಮನೆಗೆ ಕರೆದಳು.

"ಹೊಟ್ಟೆ ಬೆಳೀತಾ ಉಂಟು, ತೊಡೆ ಕರಗ್ತಾ ಉಂಟು," ಅಂದಳು. "ಇದು ಕೊಬ್ಬಲ್ಲ ಕೌಸಲ್ಯಕ್ಕ."

ಆಸ್ಪತ್ರೆಯಲ್ಲಿ ತೋರಿಸಿದರೆ ನೆಲ್ಸನ್‌ನ ಲಿವರ್ ಹಾಳಾಗಿತ್ತು. ಹೊಟ್ಟೆಯಲ್ಲಿ ತುಂಬಿದ್ದು ನೀರು. ಬದಲಿ ಲಿವರ್ ಹಾಕುವ ಸ್ಥಿತಿಯಲ್ಲೂ ಇಲ್ಲ ಎಂದು ಡಾಕ್ಟರು ತಣ್ಣಗೆ ಹೇಳಿ ಕಳಿಸಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದೇವರ ಮೇಲೆ, ಡಾಕ್ಟರ ಮೇಲೆ, ಆ ಹಾಳು ಬಟ್ಟೆಯ ಮೇಲೆ. ಜಾಸ್ಮಿನ್ ಮದುವೆಯನ್ನು ಆದಷ್ಟು ಬೇಗ ಮಾಡಿಕೊಳ್ಳಲು ಓಡಾಡಿದಳು.

ಹಿಲ್ಡಾ ಹೊಲಿಯುವುದನ್ನು ಬಿಡಲಿಲ್ಲ. ಆಸ್ಪತ್ರೆಯಲ್ಲಿ ನೀರು ತೆಗೆದರೆ ಹೊಟ್ಟೆ ಇಳಿಯುತ್ತದೆ, ಅವಳು ಪಟ್ಟಿ ಒಳಕ್ಕೆ ಹೊಲಿಯುತ್ತಾಳೆ. ಮತ್ತೆ ತುಂಬುತ್ತದೆ, ಹೊಲಿಗೆ ಬಿಚ್ಚುತ್ತಾಳೆ. ಅಳತೆಗೆ ನಿಲ್ಲಲೂ ಅವನಿಗೆ ಆಗುತ್ತಿರಲಿಲ್ಲ. ನಾನು ಒಂದು ಪಕ್ಕ ಹಿಡಿದುಕೊಳ್ಳುತ್ತಿದ್ದೆ. ಅಷ್ಟು ಸುಸ್ತಿನಲ್ಲೂ ಅವನ ಹೆಬ್ಬೆರಳು ಕಿಲ್ಟನ್ನು ಕೆಳಗೆ ಸರಿಸಲು ಹೋಗುತ್ತಿತ್ತು, ಹಿಲ್ಡಾ ಮೇಲೆ ಎಳೆಯುತ್ತಿದ್ದಳು. ಕೊನೆಗೆ ನನಗೆ ತಡೆಯಲಾಗಲಿಲ್ಲ. ಬಿಟ್ಟುಬಿಡೇ, ಪ್ಯಾಂಟ್ ಹಾಕಿಸಿ ಗಾಲಿಕುರ್ಚಿಯಲ್ಲಿ ಕೂರಿಸು ಎಂದು ರೇಗಿದೆ. ನಡೆಸುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟಿದ್ದಾರೆ ಎಂದಷ್ಟೇ ಹೇಳಿ ಅವಳು ಸೂಜಿಗೆ ದಾರ ಪೋಣಿಸಿದಳು.

ಮದುವೆಗೆ ಇನ್ನೊಂದು ವಾರ ಇರುವಾಗ ನೆಲ್ಸನ್ ಹೋಗಿಬಿಟ್ಟ.

ಪೆಟ್ಟಿಗೆಯಲ್ಲಿ ಮಲಗಿಸುವಾಗಲೂ ಕಿಲ್ಟೇ ಇರಲಿ ಎಂದಳು ಹಿಲ್ಡಾ. ಶವಾಗಾರದವನು ಒಳ್ಳೆಯ ಮನುಷ್ಯ. ಹಿಂದುಗಡೆ ಉದ್ದಕ್ಕೆ ಕತ್ತರಿಸಿಕೊಂಡರೆ ಉಡಿಸುವುದು ಸುಲಭ, ಹಿಂಭಾಗ ಯಾರಿಗೂ ಕಾಣುವುದಿಲ್ಲ ಎಂದು ಮೆತ್ತಗೆ ಹೇಳಿದ. ಕಿಲ್ಟಿನ ಕೆಲಸವೆಲ್ಲ ಇರುವುದೇ ಹಿಂದೆ. ಒಂದೊಂದು ನೆರಿಗೆಯಲ್ಲೂ ಚೌಕುಳಿಗೆ ಚೌಕುಳಿ ಕೂಡಿಸಿ ಕೈಯಲ್ಲೇ ಹೊಲಿದಿದ್ದಳು. ಅವಳು ಕತ್ತರಿ ಮುಟ್ಟಲು ಬಿಡಲಿಲ್ಲ. ನಾವಿಬ್ಬರೂ ಅವನನ್ನು ಅತ್ತ ಇತ್ತ ಹೊರಳಿಸಿ ಉಡಿಸಿದೆವು. ಅಷ್ಟೂ ನೆರಿಗೆ ಅವನ ಬೆನ್ನಡಿಗೆ ಸೇರಿತು.

ಮಲಗಿದ ಮೇಲೆ ಮುಂದಿನ ಅಂಚು ಮೇಲೇಳುವ ಮಾತೇ ಇರಲಿಲ್ಲ. ಹೊಕ್ಕುಳದ ಮೇಲೆ ಸರಿಯಾಗಿ ಕೂತಿತ್ತು, ಅಂಚು ಮಂಡಿಗೆ ಸಮವಾಗಿತ್ತು. ಹಿಲ್ಡಾ ನೋಡುತ್ತಾ ನಿಂತಳು. ಆಮೇಲೆ ಬಗ್ಗಿ, ಕೊಕ್ಕೆ ಸಡಿಲಿಸಿ, ಕಿಲ್ಟನ್ನು ಹೊಟ್ಟೆಯ ಕೆಳಗೆ ಸರಿಸಿ ಕಟ್ಟಿದಳು. ಅಂಚು ಮಂಡಿ ಮುಚ್ಚಿತು.

"ಹಿಲ್ಡಾ, ತುಂಬಾ ಕೆಳಗಾಯ್ತಲ್ಲೇ," ಅಂದೆ.

"ಇರಲಿ ಕೌಸಲ್ಯಕ್ಕ," ಅಂದಳು. "ಅವರಿಗೆ ಹೀಗೇ ಅಭ್ಯಾಸ."