ಅಪ್ಪನ ಮೀನಿನ ತೊಟ್ಟಿ ಸುಮ್ಮನಾದದ್ದು

ನಮ್ಮ ಬಸವೇಶ್ವರನಗರದ ಬಾಡಿಗೆ ಮನೆಗೆ ಬಂದವರು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಒಂದು ಮಾತು ಹೇಳುತ್ತಿದ್ದರು: "ಒಳಗೆ ಎಲ್ಲೋ ನಲ್ಲಿ ಬಿಟ್ಟಿದೀರ ಅನ್ಸುತ್ತೆ, ನೋಡಿ." ಎಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ನೀರು ಹರಿಯುವ ಸದ್ದು ಕಿವಿಗೆ ಬಿದ್ದರೆ ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅದು ನಲ್ಲಿಯಲ್ಲ, ನಮ್ಮಪ್ಪನ ಮೀನಿನ ತೊಟ್ಟಿ ಎಂದು ಹೇಳಿ ಹೇಳಿ ನನಗೆ ಸಾಕಾಗಿಹೋಗಿತ್ತು.

ಅಪ್ಪನಿಗೆ ಮಾತ್ರ ಆ ಸದ್ದು ಕೇಳಿಸುತ್ತಿರಲಿಲ್ಲ. ಬಟ್ಟೆ ಮಿಲ್ಲಿನಲ್ಲಿ ಮಗ್ಗಗಳ ಮುಂದೆ ಅರ್ಧ ಆಯಸ್ಸು ಕಳೆದವರು. ನಿವೃತ್ತರಾಗಿ ಮನೆಗೆ ಬರುವಾಗ ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದರು. ಎದುರಿಗೆ ನಿಂತು ತುಟಿ ಕಾಣುವಂತೆ ಮಾತಾಡಿದರೆ ತಿಳಿಯುತ್ತಿತ್ತು. ಮಗ್ಗದ ಅಬ್ಬರದಲ್ಲಿ ಮಿಲ್ಲಿನವರೆಲ್ಲ ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ, ಮನೆಯಲ್ಲೂ ಅದೇ ಅಭ್ಯಾಸ ನಡೆಯುತ್ತಿತ್ತು. ಅವರೇ ಬಾಯಿ ತೆರೆದರೆ ಮಾತ್ರ ಬೀದಿ ಕೊನೆಯವರೆಗೂ ಕೇಳಿಸುತ್ತಿತ್ತು. ತಮ್ಮ ದನಿ ಎಷ್ಟು ದೊಡ್ಡದು ಎಂಬ ಅಂದಾಜೇ ಅವರಿಗಿರಲಿಲ್ಲ.

ನಿವೃತ್ತಿಯ ನಂತರದ ಮೊದಲ ತಿಂಗಳುಗಳಲ್ಲಿ ಅಪ್ಪ ಮನೆಯಲ್ಲಿದ್ದೂ ಇಲ್ಲದವರಂತಿದ್ದರು. ನೆಂಟರು ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಊಟ, ನಿದ್ದೆ, ಮತ್ತೆ ಊಟ. ಆಮೇಲೆ ಒಂದು ಸಣ್ಣ ತೊಟ್ಟಿಯಲ್ಲಿ ಮನೆಗೆ ಮೀನು ಬಂತು. ಮೀನಿಗೆ ಬಾಯಿಲ್ಲ, ಅಪ್ಪನಿಗೆ ಕಿವಿಯಿಲ್ಲ. ಜೋಡಿ ಚೆನ್ನಾಗಿ ಹೊಂದಿಕೊಂಡಿತು. ಅಪ್ಪ ಬೆಳಿಗ್ಗೆ ನಮಗಿಂತ ಮೊದಲೇ ಏಳತೊಡಗಿದರು, ಶೇವ್ ಮಾಡಿಕೊಳ್ಳತೊಡಗಿದರು, ಬಂದವರನ್ನು ಕೈಹಿಡಿದು ಕರೆದುಕೊಂಡು ಹೋಗಿ ಮೀನು ತೋರಿಸತೊಡಗಿದರು.

ಸಣ್ಣ ತೊಟ್ಟಿ ಸಾಲದೆಂದು ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣದ ಸ್ಟ್ಯಾಂಡು ಮಾಡಿಸಿ, ಮೇಲೆ ದೊಡ್ಡ ಗಾಜಿನ ತೊಟ್ಟಿ, ಕೆಳಗೊಂದು ಚಿಕ್ಕದು ಇಟ್ಟರು. ಮೇಲೆ ಹೆಚ್ಚಾದ ನೀರು ಪೈಪಿನಲ್ಲಿ ಕೆಳಗಿಳಿದು, ಅಲ್ಲಿ ಜಲ್ಲಿಕಲ್ಲು ಸ್ಪಂಜುಗಳಲ್ಲಿ ಸೋಸಿಕೊಂಡು, ಪುಟ್ಟ ಪಂಪಿನಿಂದ ಮತ್ತೆ ಮೇಲೇರಬೇಕು. ಕೆಳಗಿನದನ್ನು ಅಮ್ಮ 'ನಿಮ್ಮಪ್ಪನ ಸಂಪು' ಎನ್ನುತ್ತಿದ್ದಳು. ಏರ್ಪಾಡೇನೋ ಚೆನ್ನಾಗಿತ್ತು. ಆದರೆ ನೀರು ಸುಮ್ಮನೆ ಇಳಿಯುತ್ತಿರಲಿಲ್ಲ. ಗಾಳಿಯನ್ನೂ ಎಳೆದುಕೊಂಡು ಗಳಗಳ, ಗೊಳಕ್, ಮತ್ತೆ ಗಳಗಳ. ಕರೆಂಟು ಹೋದರೆ ಊರೆಲ್ಲ ಶಾಪ ಹಾಕುತ್ತಿತ್ತು, ನಮ್ಮಮ್ಮ "ಸದ್ಯ" ಎನ್ನುತ್ತಿದ್ದಳು.

ಕೆಳಗಿನ ಮನೆಯಲ್ಲಿದ್ದ ಓನರು ಮೊದಮೊದಲು ಮೆಟ್ಟಿಲು ಹತ್ತಿ ಬಂದು ನಮ್ಮ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿ ಹೋಗುತ್ತಿದ್ದರು. ತೊಟ್ಟಿಯನ್ನು ತೋರಿಸಿದರೂ ನಂಬಿಕೆಯಿಲ್ಲ. ಒಂದು ದಿನ ತಾರಸಿಯಿಂದ ನಮಗೆ ನೀರು ಬರುವ ವಾಲ್ವನ್ನೇ ಮುಚ್ಚಿಬಿಟ್ಟರು. ಸದ್ದು ನಿಲ್ಲಲಿಲ್ಲ, ಅಮ್ಮನ ಅಡುಗೆ ನಿಂತಿತು. ಕೊನೆಗೆ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು, "ನೋಡಮ್ಮ, ನಂಗೆ ಬಿ.ಪಿ. ಇದೆ. ಆ ಸದ್ದು ಕೇಳ್ತಿದ್ರೆ ನಮ್ಮ ನೀರೆಲ್ಲ ಹರಿದು ಹೋಗ್ತಿದೆ ಅಂತಾನೇ ಜೀವ ಹೊಡ್ಕೊಳುತ್ತೆ. ಈ ತಿಂಗಳು ಕಳೆಯೋದ್ರೊಳಗೆ ತೊಟ್ಟಿ ತೆಗೀರಿ, ಇಲ್ಲಾಂದ್ರೆ ಬೇರೆ ಮನೆ ನೋಡ್ಕೊಳ್ಳಿ" ಅಂದರು. ನನಗೆ ಸಿಟ್ಟು ಬಂತು. ಆದರೆ ಅವರ ಮುಖ ನೋಡಿದರೆ ನಿಜವಾಗಿಯೂ ಬಳಲಿದ್ದರು.

ಅಪ್ಪ ತಮಗೆ ತೋಚಿದ್ದೆಲ್ಲ ಮಾಡಿದರು. ಪೈಪಿಗೆ ಹಳೇ ಕಂಬಳಿ ಸುತ್ತಿದರು. ನೀರು ಮೇಲಿನಿಂದ ಬೀಳುವುದಕ್ಕೇ ಸದ್ದು ಎಂದುಕೊಂಡು ಪೈಪಿನ ತುದಿಯನ್ನು ಕೆಳಗಿನ ತೊಟ್ಟಿಯ ತಳಕ್ಕೇ ಇಳಿಸಿದರು. ಪ್ರತಿಸಲವೂ ಅಮ್ಮನ ಕಡೆ ತಿರುಗಿ 'ಈಗ?' ಎಂದು ಸನ್ನೆಯಲ್ಲಿ ಕೇಳುವುದು, ಅವರ ಮುಖ ನೋಡಿ ಪಾಪ ಅನ್ನಿಸಿ ಅಮ್ಮ 'ಕಮ್ಮಿ ಆಗಿದೆ' ಎಂದು ತಲೆಯಾಡಿಸುವುದು. ನಿಜಕ್ಕೂ ಅದು ಹೆಚ್ಚಾಗಿತ್ತು. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಹೊಟ್ಟೆ ಕೆಟ್ಟವರ ತೇಗಿನಂತೆ ಹೊರಬರುತ್ತಿತ್ತು. ಅದೇ ವಾರ ಓನರು ಮೇಲೆ ಬಂದು ಅಪ್ಪನ ಎದುರೇ ನಿಂತು, "ಮೊದಲಿಗಿಂತ ಜಾಸ್ತಿ ಆಗಿದೆಯಲ್ಲ ಸಾರ್" ಎಂದರು. ಅಪ್ಪ ಅವರ ತುಟಿಯನ್ನು ಓದಿದರು. ಆಮೇಲೆ ಅಮ್ಮನನ್ನು ನೋಡಿದರು. ಸಂಜೆ ಮೀನಿನ ಅಂಗಡಿಗೆ ಹೋಗಿ, ಭಾನುವಾರ ಬಂದು ಎಲ್ಲ ಮೀನೂ ತೆಗೆದುಕೊಂಡು ಹೋಗಿ ಎಂದು ಹೇಳಿ ಬಂದರು.

ನಾನಾಗ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಶನಿವಾರ ಮಧ್ಯಾಹ್ನ ಹಾಲಿನ ನೆಲದ ಮೇಲೆ ಕೂತು ಮಕ್ಕಳ ಪರೀಕ್ಷೆ ಪೇಪರು ತಿದ್ದುತ್ತಿದ್ದೆ. ಗೊಳಕ್ ಎಂದಾಗಲೆಲ್ಲ ಲೆಕ್ಕ ತಪ್ಪುತ್ತಿತ್ತು. ರೇಗಿ ತಲೆಯೆತ್ತಿದರೆ ಕಣ್ಣೆದುರಿಗೇ ಅಪ್ಪನ ಸಂಪು. ಗೊಳಕ್ ಎಂದಾಗ ಪೈಪಿನ ಬಾಯಿಂದ ಒಂದು ಹಿಡಿ ಗುಳ್ಳೆ ಹೊರಗೆ ನುಗ್ಗಿತು. ಸದ್ದು ತಗ್ಗಿದಾಗ ಗುಳ್ಳೆಯೂ ತಗ್ಗಿತು. ಇನ್ನೊಮ್ಮೆ ನೋಡಿದೆ, ಅದೇ ಆಯಿತು. ಪೇಪರು ಬಿಟ್ಟು ಎದ್ದು ಅಪ್ಪನನ್ನು ಎಳೆದುಕೊಂಡು ಬಂದು ಕೂರಿಸಿದೆ.

"ಗುಳ್ಳೆ ನೋಡಿ ಅಪ್ಪಾ. ನಮಗೆ ಕೇಳ್ಸೋದೇ ನಿಮಗೆ ಕಾಣುತ್ತೆ."

ಅವರಿಗೆ ಅರ್ಥವಾಗಲಿಲ್ಲ. ಅವರ ಅಂಗೈ ಹಿಡಿದುಕೊಂಡು ಪ್ರತಿ ಗೊಳಕ್ಕಿಗೂ ಒಂದೊಂದು ಏಟು ತಟ್ಟುತ್ತಾ ಹೋದೆ. ಏಟು ಬಿದ್ದಾಗಲೆಲ್ಲ ಗುಳ್ಳೆ. ಅಪ್ಪ ನನ್ನ ಮುಖ ನೋಡಿದರು, ಎದ್ದು ಲುಂಗಿ ಎತ್ತಿ ಕಟ್ಟಿದರು.

ಆಮೇಲೆ ಅವರನ್ನು ತಡೆಯುವವರಿರಲಿಲ್ಲ. ಮೊದಲು ಪೈಪಿನ ತುದಿಯನ್ನು ನೀರಿನಲ್ಲಿ ಸ್ವಲ್ಪವೇ ಮುಳುಗಿರುವಷ್ಟು ಮೇಲಕ್ಕೆಳೆದರು. ಗಾಳಿಗೆ ದಾರಿ ಸಿಕ್ಕಿ ಗೊಳಕ್ ಅರ್ಧಕ್ಕರ್ಧ ಅಡಗಿತು. ಆದರೆ ಮೇಲಿನ ಬಾಯಿ ಇನ್ನೂ ಗಾಳಿ ನುಂಗುತ್ತಿತ್ತು. ಅಲ್ಲಿಗೆ ಬೆಂಡ್ ಎನ್ನುವ ಬಾಗಿದ ಪೈಪಿನ ತುಂಡೊಂದನ್ನು ಜೋಡಿಸಿ, ಬಾಯನ್ನು ನೀರೊಳಗೆ ಕೆಳಮುಖ ಮಾಡಿ, ಕಾದ ಮೊಳೆಯಿಂದ ಬೆಂಡಿನ ನೆತ್ತಿಗೆ ಒಂದು ತೂತು ಮಾಡಿದರು. ತೂತು ಪೂರ್ತಿ ತೆರೆದಿದ್ದರೆ ಗಳಗಳ. ಪೂರ್ತಿ ಮುಚ್ಚಿದರೆ ಪೈಪು ಒಂದೇ ಉಸಿರಿಗೆ ನೀರೆಲ್ಲ ಎಳೆದು ಕೊನೆಗೆ ಗೊರ್ ಎನ್ನುತ್ತಿತ್ತು. ಇವೆರಡರ ನಡುವೆ ಎಲ್ಲೋ ಒಂದು ಹದ ಇರಬೇಕಿತ್ತು. ಅಪ್ಪ ಸೈಕಲ್ ಟ್ಯೂಬಿನ ತುಂಡನ್ನು ತೂತಿನ ಮೇಲೆ ಕೂದಲೆಳೆಯಷ್ಟು ಸರಿಸುವುದು, ನಾನು ಸ್ಟ್ಯಾಂಡಿಗೆ ಕಿವಿಯಿಟ್ಟು ಅಂಗೈ ಮೇಲೆತ್ತಿ ಇಲ್ಲವೇ ಕೆಳಗಿಳಿಸಿ ಹೇಳುವುದು. ಹೀಗೆ ಸಂಜೆಯಾಯಿತು. ಉಳಿದ ಸಣ್ಣ ಗುಳ್ಳೆಗಳು ಪಂಪಿನವರೆಗೆ ಹೋಗದಂತೆ ಕೆಳಗಿನ ತೊಟ್ಟಿಯಲ್ಲಿ ಒಂದು ಗಾಜಿನ ಅಡ್ಡಗೋಡೆಯನ್ನೂ ನಿಲ್ಲಿಸಿದರು. ಸೋಡಾದಂತಿದ್ದ ಮೇಲಿನ ನೀರು ತಿಳಿಯಾಯಿತು. ಒಂದು ಗಳಿಗೆಯಲ್ಲಿ ನನ್ನ ಕಿವಿಗೆ ಪಂಪಿನ ಗುಂಯ್ ಬಿಟ್ಟರೆ ಏನೂ ಕೇಳಿಸಲಿಲ್ಲ. ಕೈ ಬೀಸಿ ಸಾಕು ಎಂದೆ.

ಆದರೆ ಅಪ್ಪ ನಂಬಲಿಲ್ಲ. "ನೀನೂ ನಿಮ್ಮಮ್ಮನ ಹಾಗೇ ಹೇಳ್ತಾ ಇದೀಯ ಕಣಮ್ಮ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. "ಗುಳ್ಳೆ ಹೋಯ್ತು, ಕಾಣ್ತಿದೆ. ಸದ್ದು ಹೋಯ್ತು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಎಷ್ಟು ಆಣೆಯಿಟ್ಟರೂ ಅಂಗಡಿಯವರಿಗೆ ಬೇಡವೆಂದು ಹೇಳಲು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕ ಓನರು, "ಅಂತೂ ನಲ್ಲಿಗೆ ವಾಷರ್ ಹಾಕ್ಸಿದ್ರಲ್ಲ, ಒಳ್ಳೇದಾಯ್ತು" ಎಂದದ್ದನ್ನು ಓಡಿಬಂದು ಹೇಳಿದೆ. ಅದನ್ನೂ ನಾನೇ ಕಟ್ಟಿದ ಕತೆ ಎಂದುಕೊಂಡರು.

ಊಟವಾದ ಮೇಲೆ ಅಮ್ಮ ಚಾಪೆ ಹಿಡಿದುಕೊಂಡು ಹಾಲಿಗೆ ಬಂದಳು. ದೊಡ್ಡ ತೊಟ್ಟಿ ಬಂದಾಗಿನಿಂದ ಅವಳು ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಅವತ್ತು ಯಾರಿಗೂ ಏನೂ ಹೇಳದೆ ಸ್ಟ್ಯಾಂಡಿನ ಪಕ್ಕದಲ್ಲೇ ಚಾಪೆ ಹಾಸಿ, ಗೋಡೆಯ ಕಡೆ ಮಗ್ಗುಲಾಗಿ, ಹಾಗೇ ನಿದ್ದೆ ಹೋದಳು. ಕೈ ತೊಳೆದು ಬಂದ ಅಪ್ಪ ಅಲ್ಲೇ ನಿಂತರು. ಪೈಪನ್ನು ನೋಡಿದರು, ಅಮ್ಮನನ್ನು ನೋಡಿದರು. ಬಗ್ಗಿ ಅವಳ ಮುಖ ನೋಡಿದರು. ಅವಳ ಬಾಯಿ ತುಸು ತೆರೆದಿತ್ತು. ನಿದ್ದೆ ನಟಿಸುವವರ ಮುಖ ಹಾಗಿರುವುದಿಲ್ಲ ಎಂದು ಮದುವೆಯಾಗಿ ಅಷ್ಟು ವರ್ಷವಾದವರಿಗೆ ತಿಳಿಯದೇ ಇರುತ್ತದೆಯೇ? ಅಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು.

ಆಗಲೇ ಮೀನಿನ ಅಂಗಡಿಯವರು ಪ್ಲಾಸ್ಟಿಕ್ ಚೀಲಗಳ ಕಟ್ಟು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡದ್ದು. ಅವರು ಬಾಯಿ ತೆರೆಯುವ ಮೊದಲೇ ಅಪ್ಪ ತುಟಿಯ ಮೇಲೆ ಬೆರಳಿಟ್ಟು, ತುದಿಗಾಲಲ್ಲಿ ಹೋಗಿ, ಅವರ ತೋಳು ಹಿಡಿದು ಮೆಟ್ಟಿಲಿನವರೆಗೆ ಕರೆದುಕೊಂಡು ಹೋದರು. ಹಿಂದೆಯೇ ಹೋದ ನನಗೆ, ಅಪ್ಪನಿಗೆ ಅಷ್ಟು ಸಣ್ಣ ದನಿಯೂ ಇದೆಯೆಂದು ಗೊತ್ತಾದದ್ದು ಅವತ್ತೇ.

"ತಪ್ಪು ತಿಳ್ಕೋಬೇಡಿ, ಮೀನು ಕೊಡಲ್ಲ," ಎಂದರು. "ಮನೆಯವರು ಮಲಗಿದಾರೆ, ಸ್ವಲ್ಪ ಮೆತ್ತಗೆ ಮಾತಾಡಿ."

ಅಂಗಡಿಯವರು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.