ಬಿಂಬುಳಿ ಹಾಕಿ ತಿಕ್ಕಿದ ಗ್ರೀಕ್ ನಾಣ್ಯ

ನಂಬಲಾಗದ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ, ಆ ಹೊತ್ತಿಗೆ ನಿಮಗೆ ಜ್ವರ ಇತ್ತೇ ಎಂದು ಕೇಳುತ್ತಿದ್ದವಳು ನಾನು. ನೆಂಟರ ಮನೆಗಳಲ್ಲಿ ನನ್ನನ್ನು ಕಂಡರೆ ಇಂಥ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಲೋಹದ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಪರೀಕ್ಷೆಗೆ ಸಿಗದಿದ್ದದ್ದು ಇಲ್ಲವೇ ಇಲ್ಲ ಎಂದು ನಂಬಿಕೊಂಡೇ ತಲೆ ನರೆತಿದೆ. ಈಗ ನಾನೇ ಅಂಥದೊಂದನ್ನು ಹೇಳಲು ಕುಳಿತಿದ್ದೇನೆ. ನನಗೆ ಜ್ವರ ಇರಲಿಲ್ಲ, ಹಾಡಹಗಲು, ಕನ್ನಡಕವನ್ನೂ ಹಾಕಿಕೊಂಡಿದ್ದೆ. ನಗುವವರು ಈಗಲೇ ನಕ್ಕು ಮುಗಿಸಬಹುದು.

ನನಗೆ ಪುರಾತನ ಗ್ರೀಕ್ ನಾಣ್ಯಗಳ ಹುಚ್ಚು. ಬೆಳ್ಳಿಯವಲ್ಲ, ಅವು ಸಿರಿವಂತರ ಹವ್ಯಾಸ. ನನ್ನವು ಕಂಚಿನವು, ಮೀನಿಗೋ ಎಣ್ಣೆಗೋ ಜನ ಕೊಡುತ್ತಿದ್ದ ಚಿಲ್ಲರೆ. ಅಂಗೈಯಲ್ಲಿಟ್ಟುಕೊಂಡರೆ, ನನ್ನಂಥ ಜಗಳಗಂಟಿಯೊಬ್ಬಳು ಇದನ್ನು ಹಿಡಿದುಕೊಂಡು ಚೌಕಾಸಿ ಮಾಡಿರಬೇಕು ಅನ್ನಿಸಿ ಖುಷಿಯಾಗುತ್ತದೆ. ಶತಮಾನಗಟ್ಟಲೆ ಮಣ್ಣಿನಡಿ ಇದ್ದುದರಿಂದ ಇವುಗಳ ಮೇಲೆ ನಯವಾದ ಹಸಿರು ಪದರ ಕಟ್ಟಿರುತ್ತದೆ. ನಾಣ್ಯದ ಅಂದ, ಬೆಲೆ ಎಲ್ಲ ಅದರಲ್ಲೇ. ಅದು ಹೋದರೆ ನಾಣ್ಯ ಸತ್ತ ಹಾಗೆ. ಹೋದ ಹಸಿರನ್ನು ರಾಸಾಯನಿಕ ಹಚ್ಚಿ ಮತ್ತೆ ಬರಿಸುವವರೂ ಇದ್ದಾರೆ. ನಾಣ್ಯ ಸಂಗ್ರಹಿಸುವವರ ನಡುವೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

ನನಗೆ ಜೀವದಂತಿದ್ದ ನಾಣ್ಯ ಒಂದಿತ್ತು. ಒಂದು ಬದಿ ಹೆಣ್ಣಿನ ಮುಖ, ಇನ್ನೊಂದು ಬದಿ ತಲೆ ತಗ್ಗಿಸಿ ಹಾಯಲು ನಿಂತ ಗೂಳಿ, ಅಂಚಿನಲ್ಲೊಂದು ಗೀರು. ನಮ್ಮ ಕಡಲ ಹವೆಗೆ, ಒಳಗೆ ಉಪ್ಪಿನಂಶ ಉಳಿದ ಕಂಚು ಬೇಗ ಪುಡಿಯಾಗುತ್ತದೆ. ಉಪ್ಪು ಬಿಡಿಸಲೆಂದು ಆ ನಾಣ್ಯವನ್ನು ಶುದ್ಧ ನೀರಿನ ಬಟ್ಟಲಿನಲ್ಲಿ ನೆನೆಹಾಕಿ ಅಡಿಗೆಮನೆಯ ಕಿಟಕಿಯಲ್ಲಿಟ್ಟಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಚೌತಿಯ ಮುನ್ನಾದಿನ ನನ್ನ ಅಕ್ಕ ಹಿತ್ತಲಿನ ಬಿಂಬುಳಿ ಕಾಯಿ ಕೊಯ್ದುಕೊಂಡು ದೀಪ, ಹರಿವಾಣ ತಿಕ್ಕಲು ಕುಳಿತಿದ್ದಳು. ಮನೆಯಲ್ಲಿರುವುದು ನಾವಿಬ್ಬರೇ. ನಮ್ಮ ಕಡೆ ಕಂಚು, ಹಿತ್ತಾಳೆಗೆ ಬಿಂಬುಳಿಯ ಹುಳಿಯೇ ಸೋಪು. ನಾನು ಕೆಲಸದಿಂದ ಬಂದು ನೋಡಿದರೆ ದೀಪಗಳ ಸಾಲಿನಲ್ಲಿ ನನ್ನ ನಾಣ್ಯವೂ ಹೊಸ ಗುಂಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು.

"ಎಂತ ಮಾರಾಯ್ತಿ, ಅಷ್ಟು ಕಿಲುಬು ಹಿಡಿಸಿ ನೀರಲ್ಲಿ ಬಿಟ್ಟದ್ದು? ಬೂದಿಯೂ ಹಾಕಿ ತಿಕ್ಕಿದೆ. ನೋಡು ಈಗ ಹೇಗೆ ಉಂಟು," ಎಂದಳು ಅಕ್ಕ.

ನಾನು ನಾಣ್ಯವನ್ನು ಸಾಲಿನಿಂದ ಎತ್ತಿಕೊಂಡೆ. ಏನೋ ಅನಾಹುತವಾಗಿದೆ ಎಂದು ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಗೂಳಿಯ ಕೊಂಬು ಸವೆದು ಮಾಯವಾಗಿತ್ತು, ತೂಗಿ ನೋಡಿದರೆ ತೂಕವೂ ಇಳಿದಿತ್ತು. ಅಕ್ಕ ಹಬ್ಬವಿಡೀ ಅಳುತ್ತಿದ್ದಳು. ನಾನು ಸಮಾಧಾನ ಹೇಳಲಿಲ್ಲ, ಅಷ್ಟು ಕೋಪ ಇತ್ತು.

ನಂತೂರಿನ ಹತ್ತಿರ ಲಾರೆನ್ಸ್ ಸರ್ ಎಂಬ ನಿವೃತ್ತ ಅಧ್ಯಾಪಕರಿದ್ದಾರೆ. ಅವರ ಮನೆಯ ಮಹಡಿಯಲ್ಲಿ ನಾಣ್ಯ ಸಂಗ್ರಹಿಸುವ ನಾವೊಂದಷ್ಟು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಸುದ್ದಿ ಕೇಳಿ ಅವರು ಸಾವಿನ ಮನೆಗೆ ಬರುವ ಹಾಗೆ ಬಂದರು. ನಾಣ್ಯವನ್ನು ತಿರುಗಿಸಿ ನೋಡಿ, "ಹೋಯ್ತಲ್ಲ ಮೇಡಂ," ಎಂದರು. ನಾಣ್ಯಗಳನ್ನು ಇಡಲು ನಡುವೆ ಪಾರದರ್ಶಕ ಹಾಳೆಯಿರುವ ರಟ್ಟಿನ ಚೌಕಟ್ಟುಗಳಿರುತ್ತವೆ. ಅಂಥದೊಂದರಲ್ಲಿ ಅದನ್ನಿಟ್ಟು, ಅವರೇ ತಮ್ಮ ಸ್ಟೇಪ್ಲರಿನಿಂದ ಸುತ್ತ ಪಿನ್ನು ಹೊಡೆದು ಕೊಟ್ಟರು. ನಾನದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನೋಡುವ ಮನಸ್ಸೇ ಇರಲಿಲ್ಲ.

ಮುಂದಿನ ಕೂಟದ ದಿನ ಬೆಳಿಗ್ಗೆ ಕಪಾಟು ತೆರೆದು ಚೌಕಟ್ಟನ್ನು ಕೈಗೆತ್ತಿಕೊಂಡೆ. ನಾಣ್ಯ ಹಸಿರಾಗಿತ್ತು. ಕಿಲುಬಿನ ಹಸಿರಲ್ಲ, ಮೊದಲಿನದೇ ನಯವಾದ ಹಸಿರು. ಜಗಲಿಯ ಬಿಸಿಲಿಗೆ ಒಯ್ದು ಭೂತಗನ್ನಡಿಯಲ್ಲಿ ನೋಡಿದೆ. ಗೂಳಿಗೆ ಕೊಂಬು ಇತ್ತು. ಅಂಚಿನ ಹಳೆಯ ಗೀರೂ ತನ್ನ ಜಾಗದಲ್ಲೇ ಇತ್ತು. ಪಿನ್ನುಗಳು ಹೊಡೆದ ಹಾಗೇ ಇದ್ದವು. ಇಂಥ ಪದರ ವಾರಗಳಲ್ಲಿ ಕಟ್ಟುವುದಿಲ್ಲ. ಕಟ್ಟಿದರೂ, ಸವೆದುಹೋದ ಕಂಚು ಎಲ್ಲಿಂದ ತಿರುಗಿ ಬರಬೇಕು? ಹೆದರಿದೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಚೌಕಟ್ಟನ್ನು ಬಿಚ್ಚದೆ ಹಾಗೇ ಕೂಟಕ್ಕೆ ಒಯ್ದೆ. ಲಾರೆನ್ಸ್ ಸರ್ ಬಿಚ್ಚಿ ತಮ್ಮ ತಕ್ಕಡಿಯಲ್ಲಿ ತೂಗಿದರು. ತಿಕ್ಕುವ ಮೊದಲಿನ ತೂಕವೇ ಬಂತು. ನಾಣ್ಯ ಎಲ್ಲರ ಕೈ ದಾಟಿ ಬಂತು. ಆಮೇಲೆ ಮೂಲೆಯಿಂದ ಒಬ್ಬರು, "ಪಿನ್ನು ಯಾವ ಅಂಗಡಿಯಲ್ಲೂ ಸಿಗ್ತದೆ," ಎಂದರು. ಇನ್ನೊಬ್ಬರು, "ಇವರಿಗೆ ಕಾರ್ಖಾನೆಯಲ್ಲಿ ಬೇಕಾದಷ್ಟು ಕಂಚು, ಆಸಿಡ್ ಎಲ್ಲ ಉಂಟಲ್ಲ," ಎಂದು ನಕ್ಕರು. ಆ ನಗು ನನಗೆ ಚೆನ್ನಾಗಿ ಚುಚ್ಚಿತು. ಕಳ್ಳಿ ಎಂದು ಬಾಯಿಬಿಟ್ಟು ಹೇಳಿದ್ದರೆ ವಾಸಿಯಿತ್ತು.

ಲಾರೆನ್ಸ್ ಸರ್ ಮೆಲ್ಲಗೆ ಹೇಳಿದರು, "ಮೇಡಂ, ಬಣ್ಣ ಬರಿಸಿದ್ದು ಅಂತ ಹೇಳಿಬಿಡಿ. ಇಲ್ಲಿಗೇ ಬಿಟ್ಟುಬಿಡುವ, ಯಾರೂ ಎಂತ ಹೇಳುವುದಿಲ್ಲ. ಇಲ್ಲದಿದ್ದರೆ ಈಗಲೇ ಇನ್ನೊಮ್ಮೆ ಬಿಂಬುಳಿ ಹಾಕಿ ತಿಕ್ಕುವ. ತಿರುಗಿ ಹಸಿರಾದರೆ ನಾನು ಎಲ್ಲರ ಮುಂದೆ ನಿಮ್ಮ ಕ್ಷಮೆ ಕೇಳ್ತೇನೆ."

ಅವರು ಕೇಳಿದ್ದು ನ್ಯಾಯವೇ. ಒಂದೇ ಸಲ ಬಂದ ಫಲಿತಾಂಶವನ್ನು ಕಸದ ಬುಟ್ಟಿಗೆ ಹಾಕುತ್ತಾ ಬಂದವಳು ನಾನು. ಇನ್ನೊಮ್ಮೆ ಮಾಡಿ ತೋರಿಸಿ ಎಂದು ಎಷ್ಟು ಹುಡುಗರನ್ನು ಗದರಿಸಿಲ್ಲ! ಆದರೆ ಆ ದಿನ ನಾಣ್ಯದ ಮೇಲೆ ಅಂಗೈ ಮುಚ್ಚಿದೆ. "ತಿಕ್ಕುವುದಿಲ್ಲ. ಬಣ್ಣ ಬರಿಸಿದ್ದು ಅಂತ ಹೇಳುವುದೂ ಇಲ್ಲ," ಎಂದೆ. ಯಾಕೆ ಹಾಗೆ ಮಾಡಿದೆ? ಅದು ತಿರುಗಿ ಬಂದದ್ದು ಯಾರಿಗೋ ಪುರಾವೆ ಒದಗಿಸಲಿಕ್ಕೆ ಅಲ್ಲ ಎಂದು ಬಲವಾಗಿ ಅನ್ನಿಸಿತು, ಅಷ್ಟೆ. ಇದು ಉತ್ತರವಲ್ಲ ಎಂದು ನನಗೂ ಗೊತ್ತು.

ಮನೆಯಲ್ಲಿ ಅಕ್ಕ, "ನಾನು ತಿಕ್ಕಿದ್ದು ಬೇರೆ ಪಾವಲಿ ಅಂತ ಬಂದು ಹೇಳ್ತೇನೆ. ಒಂದು ಮಾತಿನಲ್ಲಿ ಮುಗೀತದೆ. ನಿನ್ನ ಹೆಸರು ಹಾಳಾಗುವುದು ಬೇಡ," ಎಂದಳು. ಬೇಡ ಅಕ್ಕ, ನೀನು ತಿಕ್ಕಿದ್ದು ಇದನ್ನೇ ಎಂದೆ. ಹೆಸರು ಉಳಿಸಿಕೊಳ್ಳಲು ಅವಳ ಬಾಯಲ್ಲಿ ಸುಳ್ಳು ಹೇಳಿಸುವಷ್ಟು ನಾನು ಕೆಟ್ಟಿಲ್ಲ.

ಅಂದಿನಿಂದ ಆ ಮಹಡಿಯಲ್ಲಿ ಯಾರೂ ನನ್ನೊಡನೆ ನಾಣ್ಯ ವಿನಿಮಯ ಮಾಡುವುದಿಲ್ಲ. ಆದರೂ ನಾನು ಒಂದು ತಿಂಗಳೂ ತಪ್ಪಿಸದೆ ಹೋಗುತ್ತೇನೆ, ಎಲ್ಲರಿಗೂ ಕಾಣುವ ಹಾಗೆ ಮುಂದಿನ ಕುರ್ಚಿಯಲ್ಲೇ ಕೂರುತ್ತೇನೆ. ಬೇರೆ ನಾಣ್ಯಗಳ ಜೊತೆ ಗೂಳಿಯನ್ನೂ ಮೇಜಿನ ಮೇಲಿಡುತ್ತೇನೆ. ನಾಣ್ಯ ಕಪಾಟಿನಲ್ಲಿದ್ದ ಆ ವಾರಗಳಲ್ಲಿ ಮನೆಗೆ ಬೇರೆ ಯಾರೂ ಬಂದಿರಲಿಲ್ಲ, ಕಪಾಟಿನ ಕೀಲಿ ನನ್ನ ಕೈ ಬಿಟ್ಟಿರಲಿಲ್ಲ. ಅದಕ್ಕಿಂತ ಹೆಚ್ಚು ನನಗೂ ತಿಳಿಯದು.

ಮೊನ್ನೆ ಬಜಪೆಯಿಂದ ಒಬ್ಬರು ಹೊಸಬರು ಬಂದಿದ್ದರು. ಗೂಳಿಯ ನಾಣ್ಯವನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, "ಈ ಹಸಿರು ಅಸಲಿಯಾ ಮೇಡಂ?" ಎಂದು ಕೇಳಿದರು. ಎಲ್ಲರ ಕಿವಿ ನನ್ನ ಕಡೆಗಿತ್ತು.

"ಅಸಲಿ," ಎಂದೆ. "ಒಮ್ಮೆ ಪೂರ್ತಿ ಹೋಗಿ ತಿರುಗಿ ಬಂದದ್ದು. ಹೇಗೆ ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ."